ಗಿರಣಿಯ ಹಿಂದಿನ ಗೋಡೆ

ನವೆಂಬರ್ ೧೪, ಶುಕ್ರವಾರ. ವಾರ್ಸಾ

ಆ ಗೋಡೆಯ ವಿಷಯ ಬರೆದುಕೊಳ್ಳದೆ ನಿದ್ದೆ ಬರುವ ಹಾಗಿಲ್ಲ.

ಹದಿನಾಲ್ಕು ವಾರಗಳಿಂದ, ಶನಿವಾರವೂ ಬಿಡದೆ, ನಮ್ಮ ಕಂಪನಿಯ ಕಂಪ್ಯೂಟರ್ ಗೇಮಿನ ನಾಯಕನನ್ನು ಒಂದೊಂದೇ ಗೋಡೆಗೆ ಗುದ್ದಿಸಿ, ಎಲ್ಲಾದರೂ ತೂರಿಬಿಡುತ್ತಾನೋ ಎಂದು ನೋಡುವುದೇ ನನ್ನ ಕೆಲಸ. ಇವತ್ತು ಊಟದ ಹೊತ್ತಿಗೆ ಆಟದೊಳಗಿನ ಗಿರಣಿಯ ಹಿಂದಿನ ಗೋಡೆಯಲ್ಲಿ ಅವನು ತೂರಿಹೋದ. ಆಚೆ ಬರೀ ಬಿಳುಪು. ಬೀಳುತ್ತಲೇ ಇದ್ದ. ಆಮೇಲೆ ಆಟವೇ ನಿಂತುಹೋಯಿತು. ಇಂಥದ್ದನ್ನು ವರದಿ ಮಾಡಿದರೆ ತಿಂಗಳ ಕೊನೆಯ ಬಿಡುಗಡೆ ಮುಂದಕ್ಕೆ ಹೋಗುತ್ತದೆ, ಅದರ ಜೊತೆ ಈ ಶನಿವಾರದ ದುಡಿಮೆಯೂ.

ಪಕ್ಕದ ಕುರ್ಚಿಯ ಝೆಮೊವಿತ್ ಕೂಡ ನೋಡಿದ. ಡಿಸೆಂಬರಿನಲ್ಲಿ ಅವನ ಹೆಂಡತಿಗೆ ಹೆರಿಗೆ.

“ಕಾಲಿನಾ, ನೀನು ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ಆಯ್ತಾ?”

ಆಯ್ತು ಎಂದೆ. ಈ ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಲ್ಲಿ ಮೊದಲ ಸಲ, ಕಂಡದ್ದನ್ನು ಕಂಡಿಲ್ಲವೆಂದು ಬಿಟ್ಟೆ.

ನಾಲ್ಕು ಗಂಟೆಗೆ ನಿರ್ದೇಶಕ ಎಲ್ಲರನ್ನೂ ಕರೆದ. ಧ್ವನಿಯ ಕೆಲಸ ಮುಗಿದಿಲ್ಲವಂತೆ; ಬಿಡುಗಡೆ ಮಾರ್ಚಿಗೆ. “ಯಾರಿಗೂ ಬಲವಂತ ಇಲ್ಲ. ಹೆಚ್ಚಿನ ಒಂದೊಂದು ಗಂಟೆಗೂ ದುಡ್ಡು ಕೊಡ್ತೀವಿ,” ಎಂದ. ಯಾರೋ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಂಜೆ ಫೋನಿನಲ್ಲಿ ಅಮ್ಮ, “ದುಡ್ಡು ಕೊಡ್ತಾರಲ್ಲ, ಮತ್ತೇನೇ ನಿನ್ನ ಗೋಳು?” ಎಂದಳು. ಬಿಟ್ಟಿ ದುಡಿಸಿಕೊಂಡಿದ್ದರೆ ಬೈಯುವುದಕ್ಕಾದರೂ ಬಾಯಿರುತ್ತಿತ್ತು.

ಆಫೀಸಿನಿಂದ ಹೊರಡುವಾಗ ಝೆಮೊವಿತ್ ಕೋಟಿನ ಗುಂಡಿ ತಪ್ಪುತಪ್ಪಾಗಿ ಹಾಕಿಕೊಳ್ಳುತ್ತ ನಕ್ಕ. “ಈಗ ಬರಿಯೇ ಆ ಗೋಡೆ ವಿಷ್ಯಾನ. ಟೈಮ್ ಬೇಕಾದಷ್ಟಿದೆಯಲ್ಲ.”

ನಾಳೆ ಬರೆಯುತ್ತೇನೆ. ಈಗಷ್ಟೇ ಎದ್ದುಹೋಗಿ ಅಡುಗೆಮನೆಯ ಗೋಡೆಗೆ ಭುಜ ಕೊಟ್ಟು ಒತ್ತಿ ನೋಡಿದೆ, ಈ ಮೂಲೆಯಿಂದ ಆ ಮೂಲೆಯವರೆಗೆ. ಎಲ್ಲೂ ದಾರಿ ಬಿಡಲಿಲ್ಲ.