ಕೋಳಿಮರಿ ಪೆಟ್ಟಿಗೆಯ ದೀಪ

ಎಂಬಾಲೆ,
ಫೆಬ್ರವರಿ ೧೧

ಮಗಳೇ ಖೈಂಜಾ,

ಹೇಗಿದ್ದೀಯವ್ವ? ಗುಲುವಿನ ಆಸ್ಪತ್ರೆಯಲ್ಲಿ ಹಗಲಿಡೀ ನಿಂತು ಹೆರಿಗೆ ಮಾಡಿಸುವವಳು ನೀನು. ಕಾಲು ಊದುವುದು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ಆರೋಗ್ಯವಾಗಿದ್ದಾಳೆ, ನಾನೂ ಮೈಯಲ್ಲಿ ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಶಾಲೆಯಲ್ಲಿದ್ದಾಗ ನೀನು ಆಡುತ್ತಿದ್ದ ಆ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು ನೆನಪಿದೆಯಲ್ಲ? ಟ್ಯಾಕ್ಸಿ ಓಡಿಸುವುದು ಬಿಟ್ಟ ಮೇಲೆ ಕೈ ಸುಮ್ಮನಿರದೆ, ಅದನ್ನು ನಿನ್ನ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಪ್ರೋಗ್ರಾಮ್ ಬರೆಯಲು ಕಲಿಯತೊಡಗಿದೆ. ಅದರ ಎಳ್ಳುಕಾಳಿನಷ್ಟು ದೀಪ ಮೊದಲ ಸಲ ನಾನು ಬರೆದಂತೆ ಮಿಣುಕಿದಾಗ ಕಿರುಚಿ ಕುಣಿದುಬಿಟ್ಟೆ. ಅಮ್ಮ ಮಟೋಕೆ ಬಾಳೆಕಾಯಿ ಸುಲಿಯುವ ಚಾಕು ಹಿಡಿದೇ ಓಡಿಬಂದು, “ಇಷ್ಟಕ್ಕೇ ಹಿಂಗೆ ಕಿರುಚಿದ್ರಾ? ಮಿಣುಕುಹುಳ ಯಾರ ಹತ್ರ ಕಲೀತು?” ಅಂದಳು. ಆ ಮಾತು ನಾಟಿತು. ಅವಳ ಕೋಳಿಮರಿ ಪೆಟ್ಟಿಗೆಯ ಕಾವಿನ ದೀಪವನ್ನೇ ಈ ಬೋರ್ಡಿಗೆ ಒಪ್ಪಿಸಿ ತೋರಿಸುತ್ತೇನೆ ಎಂದು ಹೊರಟೆ: ಚಳಿಯಾದರೆ ತಾನಾಗಿ ಹತ್ತಬೇಕು, ಸೆಕೆಯಾದರೆ ಆರಬೇಕು. ರಾಗಿ ಹೆಂಡ ಮಲ್ವಾ ಕುಡಿಯುವ ಕೂಟದಲ್ಲೆಲ್ಲ ಜಂಬ ಕೊಚ್ಚಿದೆ. “ಮೊದ್ಲು ಖಾಲಿ ಪೆಟ್ಟಿಗೇಲಿ ನೋಡ್ರೀ,” ಎಂದು ಅಮ್ಮ ಬೇಡಿಕೊಂಡಳು. ಕೇಳಲಿಲ್ಲ. ಮರಿಗಳ ಮೇಲೇ ಕಟ್ಟಿಟ್ಟು ಇಬ್ಬರೂ ಚರ್ಚಿಗೆ ಹೋದೆವು.

ಪ್ರೋಗ್ರಾಮಿನಲ್ಲಿ ‘ಕಡಿಮೆ’ ಎಂಬ ಗುರುತು ಹಾಕಬೇಕಾದಲ್ಲಿ ‘ಹೆಚ್ಚು’ ಎಂದು ಹಾಕಿದ್ದೆ, ಮಗಳೇ. ತಗಡಿನ ಕೊಟ್ಟಿಗೆ ಮಧ್ಯಾಹ್ನ ಕಾದಾಗ, ಆರಿರಬೇಕಾದ ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ. ನಾವು ಬರುವಷ್ಟರಲ್ಲಿ ಮರಿಗಳೆಲ್ಲ ಮೂಲೆಯಲ್ಲಿ ಒಂದರ ಮೇಲೊಂದು ಸತ್ತು ಬಿದ್ದಿದ್ದವು.

ಅಮ್ಮ ಅವನ್ನು ಹಿತ್ತಲಲ್ಲಿ ಹೂತು ಬಂದಳು. ಪಕ್ಕದ ಮನೆಯ ಮುದುಕ ವಾಂಡೆಬಾ ಮರಿಗಳೇನಾದವು ಎಂದು ಕೇಳಿದಾಗ, “ಮುಂಗುಸಿ ಕಣಣ್ಣಾ,” ಅಂದಳು. ನನ್ನ ಮಾನ ಉಳಿಸಲು ಅವಳು ಆಡಿದ ಸುಳ್ಳು ಅದು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಮಾರನೆಯ ದಿನ ಅವನು ತನ್ನ ಕೋಳಿಯ ಮರಿಗಳನ್ನೇ ಬುಟ್ಟಿಯಲ್ಲಿ ತಂದುಕೊಟ್ಟ. ಅಂದಿನಿಂದ ಮಲ್ವಾ ಕೂಟವನ್ನೂ ಬಿಟ್ಟು, ಕೋಲು ಹಿಡಿದು, ನಮ್ಮ ಕೊಟ್ಟಿಗೆಯೆದುರು ಬಿಸಿಲಲ್ಲಿ ಮುಂಗುಸಿ ಕಾಯುತ್ತ ಕೂರುತ್ತಾನೆ. ನೀರು ಕೊಡಲು ಹೋದರೆ ಅವನ ಮುಖ ನೋಡಲಾಗುವುದಿಲ್ಲ.

ನಿನ್ನ ಕೈಗೆ ಬರುವ ಕೂಸುಗಳೆಲ್ಲ ಗಟ್ಟಿಯಾಗಿ ಅಳಲಿ, ಗಟ್ಟಿಯಾಗಿ ಬದುಕಲಿ.

ನಿನ್ನ ಅಪ್ಪ,
ಮಫಾಬಿ

ತಾ.ಕ.: ಕಾಗದ ಮಡಿಸಿದವನು ತಡೆಯಲಾರದೆ ಕೊಟ್ಟಿಗೆಗೆ ಹೋಗಿ ವಾಂಡೆಬಾಗೆ ಎಲ್ಲ ಹೇಳಿಬಿಟ್ಟೆ. ಅವನು ತಾನು ಕೊಟ್ಟ ಮರಿಗಳನ್ನು ಬುಟ್ಟಿಗೆ ತುಂಬಿಕೊಂಡ. ನಾಲ್ಕು ಹೆಜ್ಜೆ ಹೋಗಿ ತಿರುಗಿ, “ಮರಿ ಸತ್ತಿದ್ದು ಹೋಗ್ಲಿ. ನಾನು ನಂಬ್ಕೊಂಡು ಕೂತಿದ್ನಲ್ಲೋ, ದಿನಾ ನೀರು ಕೊಟ್ಟು ನೋಡ್ತಿದ್ಯಲ್ಲೋ,” ಅಂದ. ಒಳಗಿದ್ದ ಅಮ್ಮನಿಗೆ ಕೇಳಿಸಿತು. “ಮುಂಗುಸಿ ಅಂದೋಳು ನಾನು ಅಣ್ಣಾ, ನಿಂತ್ಕೋ!” ಎಂದು ಬರಿಗಾಲಲ್ಲೇ ಅವನ ಹಿಂದೆ ಓಡಿದಳು. ಇಬ್ಬರೂ ಅವನ ಅಂಗಳದಲ್ಲಿ ನಿಂತಿದ್ದಾರೆ. ನನ್ನ ಪಾಲಿನ ಕ್ಷಮೆಯನ್ನೂ ಅವಳೇ ಕೇಳುತ್ತಿದ್ದಾಳೆ. ಎದ್ದು ಹೋಗುತ್ತೇನೆ, ಮಗಳೇ.