ಕೆಂಪು ದಾರದ ಗುಂಡಿಗಳು

ಅಂಗಡಿಯಿಂದ,
ಹನ್ನೆರಡನೇ ತಾರೀಕು, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬಲಗೈ ಹೆಬ್ಬೆರಳಿನ ನೋವು ಕಡಿಮೆಯಾಯಿತೇ, ಅಥವಾ ಅಲ್ಲಿಯೂ ಯಾರದಾದರೂ ಹರಿದ ಬಟ್ಟೆ ಹಿಡಿದು ಹೊಲಿಯುತ್ತ ಕೂತು ಅದನ್ನು ಇನ್ನಷ್ಟು ಕೆಡಿಸಿಕೊಂಡಿದ್ದೀಯಾ? ಚಿಕ್ಕಮ್ಮನ ಮಂಡಿ ಹೇಗಿದೆ? ಫೋನು ಮಾಡಿದಾಗಲೆಲ್ಲ ಅವರೇ ಎತ್ತಿ, "ಅಕ್ಕ ಸ್ನಾನಕ್ಕೆ ಹೋಗಿದಾಳೆ ಕಣೋ" ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ. ಹದಿನಾಲ್ಕು ತಿಂಗಳಿಂದ ಬಚ್ಚಲುಮನೆಯಿಂದ ಆಚೆಗೇ ಬರದವಳು ನೀನೊಬ್ಬಳೇ ಇರಬೇಕು. ಪಾಪ, ಚಿಕ್ಕಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ; ಹೇಳಿದ ಮೇಲೆ ಒಂದು ನಿಟ್ಟುಸಿರು ಬಿಡುತ್ತಾರೆ, ಅದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅದಕ್ಕೇ ಈ ಸಲ ಕಾಗದ ಬರೆಯುತ್ತಿದ್ದೇನೆ. ಕಾಗದದ ಮುಂದೆ ಸ್ನಾನದ ನೆಪ ನಡೆಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಹೊಸ ಕನ್ನಡಕ ಬಂದಿದೆ. ಒಂದು ಹೊತ್ತು ಅಡುಗೆ ಮಾಡಿ ಎರಡು ಹೊತ್ತು ಉಣ್ಣುತ್ತೇನೆ. ಎರಡನೇ ಹೊತ್ತಿನ ಊಟ ಅಂಗಡಿಯಲ್ಲೇ, ನಿನ್ನ ಸ್ಟೂಲಿನ ಮೇಲೆ ಡಬ್ಬಿ ಇಟ್ಟುಕೊಂಡು. ಸ್ಟೂಲು ಅಲ್ಲೇ ಇದೆ, ಕಿಟಕಿಯ ಪಕ್ಕ. ಗುಡಿಸುವಾಗ ಒಂದೆರಡು ಸಲ ಜರುಗಿಸಿ ನೋಡಿದೆ; ಎಲ್ಲಿಟ್ಟರೂ ಕಾಲಿಗೆ ತೊಡರಿತು, ಮತ್ತೆ ಅಲ್ಲೇ ಇಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವೆಬ್‌ಸೈಟನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸುತ್ತಿದ್ದೇನೆ. ಒಂದನೇ ತಾರೀಕು ಅದು ತೆರೆದುಕೊಳ್ಳಬೇಕು, ಅಲ್ಲಿಯವರೆಗೆ ಹಳೆಯದೇ ನಡೆಯುತ್ತಿರುತ್ತದೆ. ವೆಬ್‌ಸೈಟ್ ಎಂಬ ಮಾತು ಕೇಳಿದ ಕೂಡಲೇ ಕಾಗದ ಮಡಿಸಿಡಬೇಡ, ದಮ್ಮಯ್ಯ. ಆ ಮಾತಿಗೇ ನಾವು ಕೆಟ್ಟದ್ದು ಎಂದು ನನಗೂ ನೆನಪಿದೆ. "ಮುಟ್ಟಿ ನೋಡದೆ ಗುಂಡಿ ತಗೊಳ್ಳೋರು ಆಮೇಲೆ ಅದನ್ನ ಹಾಕ್ಕೊಳ್ಳೋದೂ ಇಲ್ಲ" ಎಂದು ನೀನು ಹೇಳಿದೆ. ಅದಕ್ಕೆ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ, ಬರೆಯದಿದ್ದರೆ ಮರೆತಿದ್ದೇನೆ ಎಂದುಕೊಂಡೀಯೆ. "ನೀನು ಇಲ್ಲಿ ಕೂತಿರೋದ್ರಿಂದಲೇ ಈ ಅಂಗಡಿ ಹಳೇದಾಗಿ ಕಾಣೋದು" ಅಂದೆ. ನೀನು ಕೈಯಲ್ಲಿದ್ದ ಗುಂಡಿಗೆ ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು, ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿಟ್ಟೆ. ಮರುದಿನ ಒಂದೇ ಒಂದು ಚೀಲ ಹಿಡಿದು ಚಿಕ್ಕಮ್ಮನ ಮನೆಗೆ ಹೊರಟೆ, ಅವರ ಮಂಡಿಗೆ ಒಬ್ಬರು ಜೊತೆ ಬೇಕು ಅಂತ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಜಗಳವಾದರೆ ಸಾಯಂಕಾಲದೊಳಗೆ ರಾಜಿ ಮಾಡಿಕೊಳ್ಳುವುದು ನಮಗೆ ಚಿಕ್ಕಂದಿನಿಂದ ರೂಢಿ. ನಿನ್ನ ಮೌನವನ್ನು ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸೈಟು ಮಾಡಿಕೊಡುವ ಮೇಡಂ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಪರಿಚಯವಾದವರು. ನಮ್ಮ ಬೀದಿಯ ಕೊನೆಯಲ್ಲಿ ಹಲ್ಲಿನ ಡಾಕ್ಟರ ಮೇಲಿನ ಮಹಡಿಯಲ್ಲಿ ಅವರದೊಂದು ಕೋಣೆ. ಕೆಳಗಿನಿಂದ ರೋಗಿಗಳ ಕೂಗು ಕೇಳುತ್ತಿರುತ್ತದೆ. "ನನ್ನ ಹತ್ರ ಬರೋರಿಗೂ ಅಷ್ಟೇ ನೋವಾಗುತ್ತೆ, ಆದರೆ ಮರ್ಯಾದಸ್ಥರು, ಕೂಗಲ್ಲ" ಅನ್ನುತ್ತಾರೆ. ಒಳ್ಳೆಯವರು, ನಿನ್ನ ಹಾಗೆಯೇ ಮುಖದ ಮೇಲೆ ಹೊಡೆದ ಹಾಗೆ ಮಾತು. ನಾನೇ ಕೈಯಾರೆ ಮಾಡಿದ ಮೊದಲ ಸೈಟನ್ನು ನೋಡಿ ಅವರು ಕೇಳಿದ ಪ್ರಶ್ನೆ ಒಂದೇ: "ಇದರಲ್ಲಿ ನೀವು ಮಾರೋದು ಏನು?"

ತಪ್ಪು ಅವರದಲ್ಲ. ನಾನು ಪ್ರತಿ ಗುಂಡಿಗೂ ನಾವು ಮನೆಯವರು ಕರೆಯುವ ಹೆಸರನ್ನೇ ಹಾಕಿದ್ದೆ. ಬೇರೆ ಹೆಸರು ನನಗಾದರೂ ಎಲ್ಲಿ ಗೊತ್ತಿತ್ತು? ಕಪ್ಪಗೆ ದೊಡ್ಡದಾಗಿ ಎರಡು ತೂತಿನದು 'ಮೇಷ್ಟ್ರ ಕಣ್ಣು'. ಕಾಜದೊಳಗೆ ತೂರಲು ಒಪ್ಪದ ಚೌಕ ಮರದ್ದು 'ಹಠಮಾರಿ'. ಅರ್ಧ ಬಿಳಿ ಅರ್ಧ ನೀಲಿಯದು 'ಅರ್ಧ ರಜೆ'. ನೀನು ಒಂಬತ್ತು ವರ್ಷದವಳಿದ್ದಾಗಿನಿಂದ ಇಟ್ಟ ಹೆಸರುಗಳು. ಅಪ್ಪನೂ ಅವನ್ನೇ ಬಳಸಿ, ನಾನೂ ಬಳಸಿ, ಅವೇ ಅವುಗಳ ನಿಜವಾದ ಹೆಸರು ಎಂದು ನಂಬಿಬಿಟ್ಟಿದ್ದೆ. ಒಬ್ಬ ಹೆಂಗಸು ಫೋನು ಮಾಡಿ ಇದು ಗುಂಡಿ ಅಂಗಡಿಯೋ ಕಣ್ಣಿನ ಆಸ್ಪತ್ರೆಯೋ ಎಂದು ಕೇಳಿದಳು. ಇನ್ನೊಬ್ಬ, ತನ್ನ ಮನೆಯ ಮುಂದಿನ ರಸ್ತೆಯ ಗುಂಡಿಯನ್ನು ಯಾವಾಗ ಮುಚ್ಚಿಸುತ್ತೀರಿ ಎಂದು ಮೂರು ಸಲ ಬರೆದ. ನಾಲ್ಕನೇ ಸಲ ಬೈದ. ನೀನಿದ್ದಿದ್ದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದೆ, ನಾನು ಕ್ಷಮೆ ಕೇಳಿದೆ.

ಒಂದು ಹೆಸರನ್ನು ಮಾತ್ರ ಮೊದಲಿನಿಂದಲೂ ಸೈಟಿಗೆ ಹಾಕಿರಲಿಲ್ಲ. 'ಚಿಕ್ಕಪ್ಪನ ತಲೆ'. ನೆನಪಿದೆಯಲ್ಲ, ಉಬ್ಬಿಕೊಂಡು ಮಿರಮಿರ ಮಿಂಚುವ ಆ ಕಂದು ಗುಂಡಿ? ಚಿಕ್ಕಪ್ಪ ಅಂಗಡಿಗೆ ಬಂದು ಬಲ್ಬಿನ ಕೆಳಗೆ ನಿಂತ ದಿನ ನೀನು ನನ್ನ ಕಿವಿಯಲ್ಲಿ ಹೇಳಿದೆ, ನಾನು ನಕ್ಕು ಸಿಕ್ಕಿಬಿದ್ದೆ, ಅಪ್ಪನಿಗೆ ಹೇಳಲೇಬೇಕಾಯಿತು. ಅಪ್ಪ ಬೈದರು, ಆಮೇಲೆ ಲೆಡ್ಜರಿನ ಹಿಂದೆ ಮುಖ ಮುಚ್ಚಿಕೊಂಡು ಅರ್ಧ ಗಂಟೆ ನಕ್ಕರು. ಮುಂದೊಂದು ದಿನ ಚಿಕ್ಕಪ್ಪ ಎದುರಿಗೇ ಕೂತಿದ್ದಾಗ ಮೈಮರೆತು, "ಚಿಕ್ಕಪ್ಪನ ತಲೆ ಆರು ಕೊಡಮ್ಮಾ" ಎಂದು ನಿನಗೆ ಕೂಗಿದರು. ಚಿಕ್ಕಪ್ಪ ಏನದು ಎಂದು ಕೇಳಿದರು. ಅಪ್ಪ ಕಣ್ಣು ಮಿಟುಕಿಸದೆ, ಅದೊಂದು ಕಂಪನಿಯ ಹೆಸರು ಅಂದರು. ಈಗ ಅಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಚಿಕ್ಕಮ್ಮನಿಗೆ ಇಂದಿಗೂ ಗೊತ್ತಿಲ್ಲ. ಅವರು ಎಲ್ಲಾದರೂ ಸೈಟು ನೋಡಿ ನೊಂದುಕೊಂಡಾರು ಎಂದು ಅದನ್ನು ಮೊದಲೇ 'ಕಂದು, ಉಬ್ಬು, ದೊಡ್ಡದು' ಎಂದು ಬರೆದಿದ್ದೆ. ಮಿಕ್ಕ ಹೆಸರುಗಳನ್ನು ಮೇಡಂ ತೆಗೆಸಿದರು. ಈಗ ಎಲ್ಲದಕ್ಕೂ ಬಣ್ಣ, ಅಳತೆ, ತೂತಿನ ಲೆಕ್ಕ. ಮಾರಾಟ ಶುರುವಾದದ್ದು ಆಮೇಲೆಯೇ, ಅದನ್ನು ಒಪ್ಪಿಕೊಳ್ಳಬೇಕು.

ಎರಡನೇ ತಪ್ಪು ಇನ್ನೂ ದೊಡ್ಡದು. ಖಾನೆಗಳ ಮುಂದೆ ನೀನು ರಟ್ಟಿನ ಮೇಲೆ ಕೆಂಪು ದಾರದಲ್ಲಿ ಹೊಲಿದಿಟ್ಟ ಮಾದರಿ ಗುಂಡಿಗಳಿದ್ದುವಲ್ಲ, ನಾನು ಅವನ್ನೇ ಫೋಟೋ ತೆಗೆದು ಹಾಕಿದ್ದೆ. ಕೊಂಡವರು ಒಬ್ಬರ ಹಿಂದೊಬ್ಬರು ಬರೆದರು, ಗುಂಡಿ ಬಂತು, ಕೆಂಪು ದಾರ ಎಲ್ಲಿ ಎಂದು. ಒಬ್ಬಾಕೆ ಆ ದಾರದ ಹೊಲಿಗೆ ನೋಡಿಯೇ ತೆಗೆದುಕೊಂಡದ್ದಂತೆ, ಗುಂಡಿಯನ್ನು ವಾಪಸು ಕಳಿಸಿದಳು. ನಿನ್ನ ಕೈಕೆಲಸ ದೂರದ ಊರಿನವರಿಗೂ ಕಂಡಿತು ನೋಡು, ನನಗೆ ಮಾತ್ರ ಕಂಡಿರಲಿಲ್ಲ. ಮೇಡಂ ಹೇಳಿದ ಪ್ರಕಾರ ಬಿಳಿ ಹಾಳೆಯ ಮೇಲೆ ಬರಿ ಗುಂಡಿ ಇಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಬೇಕಾಯಿತು. ಅದಕ್ಕೆ ಮಾದರಿಗಳನ್ನು ಕತ್ತರಿಸಿದೆ. ಖಾನೆಯೊಳಗಿನಿಂದ ಬೇರೆ ಗುಂಡಿ ತೆಗೆದುಕೊಳ್ಳಬಹುದಿತ್ತು ಎಂದು ನೀನು ತಲೆ ಚಚ್ಚಿಕೊಳ್ಳುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೌದು. ನೂರಾ ಎಂಬತ್ತು ಖಾನೆಗಳಲ್ಲಿ ನೂರಾ ಎಪ್ಪತ್ತೊಂಬತ್ತನ್ನು ಕತ್ತರಿಸಿ ಮುಗಿಸಿದ ಮೇಲೆ ನನಗೂ ಅದೇ ಹೊಳೆಯಿತು. ಆತುರದಲ್ಲಿದ್ದೆ. ನಿನ್ನ ಮೇಲೆ ಸ್ವಲ್ಪ ಕೋಪವೂ ಇತ್ತು.

ಈಗ ಗೋಡೆ ತುಂಬ ಸೂಜಿ ತೂತಿನ ಖಾಲಿ ರಟ್ಟುಗಳು. ಯಾವ ಖಾನೆಯಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಮತ್ತೆ ಹೊಲಿಯಲು ಕೂತೆ. ನನ್ನ ಹೊಲಿಗೆ ನಿನಗೆ ಗೊತ್ತೇ ಇದೆ, ಮೂರನೇ ದಿನಕ್ಕೆ ಗುಂಡಿಗಳು ಒಂದೊಂದಾಗಿ ನೆಲಕ್ಕೆ ಉದುರಿದವು. ಕಳೆದ ವಾರ ನಮ್ಮ ಮೌನಿ ಟೈಲರ್ ಬಂದಿದ್ದರು. ಬೂದು ಬಣ್ಣದ್ದು ಎಂಟು ಬೇಕೆಂದು ತುಂಡು ಬಟ್ಟೆ ತೋರಿಸಿದರು. ನಾನು ನಾಲ್ಕು ಖಾನೆ ಎಳೆದೆ, ನಾಲ್ಕೂ ತಪ್ಪು. ಕೊನೆಗೆ ಅವರೇ ಗದ್ದ ಎತ್ತಿ ಸರಿಯಾದ ಖಾನೆ ತೋರಿಸಿದರು. ಮೂವತ್ತು ವರ್ಷದಲ್ಲಿ ಮೂವತ್ತು ಮಾತಾಡದ ಆ ಮನುಷ್ಯ ಪೊಟ್ಟಣ ಜೇಬಿಗೆ ಹಾಕಿಕೊಂಡು, "ಅಕ್ಕ ಯಾವಾಗ ಬರ್ತಾರೆ?" ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ಸ್ನಾನಕ್ಕೆ ಹೋಗಿದಾಳೆ." ಅವರು ನನ್ನ ಮುಖ ನೋಡಿದರು, ಮೆಟ್ಟಿಲಿಳಿದು ಹೋದರು.

ಸೈಟಿನಲ್ಲಿ ಒಂದು ಮೂಲೆಯಿದೆ, ಈ ಗಳಿಗೆಯಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಎಂದು ತೋರಿಸುತ್ತದೆ. ಒಂಬತ್ತು ಜನ, ಹನ್ನೆರಡು ಜನ, ಒಂದು ಭಾನುವಾರ ನಲವತ್ತು ಜನ. ಅಷ್ಟು ಜನ ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಲ್ಲೂ ನಿಂತಿರಲಿಲ್ಲ. ಆದರೆ ಬಾಗಿಲ ಗಂಟೆ ಅಲ್ಲಾಡುವುದಿಲ್ಲ. ಯಾರೂ ಕೆಮ್ಮುವುದಿಲ್ಲ, ಚೌಕಾಸಿ ಮಾಡುವುದಿಲ್ಲ, ಛತ್ರಿ ಮರೆತು ಹೋಗುವುದಿಲ್ಲ. ನಲವತ್ತು ಜನರ ನಡುವೆ ನಾನು ಮತ್ತು ಗೋಡೆಯ ಫ್ಯಾನು. ಪೊಟ್ಟಣ ಕಟ್ಟುವಾಗ ಈಚೆಗೆ ನನಗೆ ನಾನೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತೇನೆ, ಅರ್ಧ ನನ್ನ ದನಿಯಲ್ಲಿ, ಅರ್ಧ ನಿನ್ನದರಲ್ಲಿ. ನಿನ್ನ ದನಿಯಲ್ಲಿ ಬೈಸಿಕೊಂಡ ದಿನ ಕೆಲಸ ಬೇಗ ಮುಗಿಯುತ್ತದೆ.

ಬಂದವರು ಸೈಟಿನಲ್ಲಿ ಏನನ್ನು ಹುಡುಕಿ ಸಿಗದೆ ಹೋದರು ಎಂಬುದಕ್ಕೂ ಒಂದು ಪಟ್ಟಿಯಿದೆಯಂತೆ. ನಿನ್ನೆ ಮಂಗಳವಾರದ ರಜೆಯಿತ್ತಲ್ಲ, ನಾನು ಮೇಡಂ ಕೋಣೆಗೆ ಹೋಗಿದ್ದಾಗ ಅವರು ಅದನ್ನು ಓದಿ ಹೇಳಿದರು, ಅದರಿಂದ ಏನು ತರಿಸಬೇಕೆಂದು ತಿಳಿಯುತ್ತದೆ ಎಂದು. ಜಿಪ್ಪು. ಮಕ್ಕಳ ಸ್ವೆಟರಿನ ಗುಂಡಿ. ಕೊಕ್ಕೆ. ಒತ್ತುಗುಂಡಿ. ಇನ್ನೂ ಒಂದಿತ್ತು. ಅದನ್ನು ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತೂ ಯೋಚಿಸುತ್ತಿದ್ದೇನೆ.

ಇರಲಿ. ನಿನ್ನಿಂದ ನನಗೆ ಬೇಕಾದದ್ದು ಒಂದು ಉತ್ತರ. ಹೊಸ ಸೈಟಿನಲ್ಲಿ ಎಲ್ಲ ಪುಟವೂ ಸಿದ್ಧವಾಗಿದೆ, 'ನಮ್ಮ ಬಗ್ಗೆ' ಎಂಬ ಪುಟ ಒಂದು ಬಿಟ್ಟು. ಅಂಗಡಿ ನಡೆಸುವವರು ಯಾರು, ಎಷ್ಟು ವರ್ಷದಿಂದ, ಒಂದು ಫೋಟೋ, ನಾಲ್ಕು ಸಾಲು. ಮೇಡಂ ಮೂರು ಸಲ ಕೇಳಿದರು. ಅಕ್ಕ ತಮ್ಮ ಎಂದು ಬರೆದರೆ ಸುಳ್ಳು ಹೇಳಿದ ಹಾಗಾಗುತ್ತದೆ. ನಾನೊಬ್ಬನೇ ಎಂದು ಬರೆದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ನಾಲ್ಕು ಸಾಲು ಬರೆಯಲು ಕೂತು ಎರಡು ತಿಂಗಳಾಯಿತು, ಪುಟ ಇನ್ನೂ ಬಿಳಿಯಾಗಿಯೇ ಇದೆ. ಒಂದನೇ ತಾರೀಕಿನೊಳಗೆ ನೀನೇ ಹೇಳಬೇಕು. ನಿನ್ನ ಹೆಸರು ತೆಗೆ ಅಂದರೆ ತೆಗೆಯುತ್ತೇನೆ, ಅಂಗಡಿಯಲ್ಲಿ ನಿನ್ನ ಪಾಲು ಎಂದಿನ ಹಾಗೆ ನಿನ್ನದೇ. ಇಟ್ಟುಕೋ ಅಂದರೆ, ಯಾವ ಫೋಟೋ ಎಂದು ತಿಳಿಸು. ಅಪ್ಪ ತೆಗೆದ ಆ ಒಂದರಲ್ಲಿ ನೀನು ಕಣ್ಣು ಮುಚ್ಚಿದ್ದೀಯ, ನಾನು ಬಾಯಿ ತೆರೆದಿದ್ದೇನೆ. ಅದು ಬಿಟ್ಟರೆ ನಾವಿಬ್ಬರೂ ಜೊತೆಗಿರುವುದು ನಮ್ಮ ಹತ್ತಿರ ಇನ್ನೊಂದಿಲ್ಲ.

ಅವತ್ತು ನಾನಾಡಿದ ಮಾತು ತಪ್ಪು ಅಕ್ಕಾ. ಸಿಟ್ಟಿನಲ್ಲಿ ಆಡಿದ್ದು ಎಂದು ಹೇಳಿ ಹಗುರ ಮಾಡುವುದಿಲ್ಲ, ಯೋಚಿಸಿಯೇ ಆಡಿದ್ದೆ, ತಪ್ಪಾಗಿ ಯೋಚಿಸಿದ್ದೆ. ಸೈಟು ಬೇಕಿತ್ತು, ಈಗಲೂ ಬೇಕು, ಅದರಿಂದಲೇ ಅಂಗಡಿ ಉಳಿದಿದೆ. ಅದಕ್ಕೆ ನೀನು ಹೋಗಬೇಕಾಗಿರಲಿಲ್ಲ. ನೀನಿಲ್ಲದೆ ಈ ಕೋಣೆಯಲ್ಲಿ ನನಗೆ ಆಗುತ್ತಿಲ್ಲ. ಇಷ್ಟನ್ನು ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಹೇಳಿಕಳಿಸಲು ಆಗುತ್ತಿರಲಿಲ್ಲ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಮೆಟ್ಟಿಲು ಹತ್ತಬೇಡಿ ಅನ್ನು, ನನ್ನ ಪರವಾಗಿ ಸ್ವಲ್ಪ ಗದರಿಸು. ನಿನ್ನ ಹೆಬ್ಬೆರಳಿಗೆ ಬಿಸಿನೀರಿನ ಶಾಖ ಕೊಡು. ಅಷ್ಟು ಸ್ನಾನ ಮಾಡುವವಳಿಗೆ ಬಿಸಿನೀರಿಗೇನು ಬರ.

ನಿನ್ನ ಆಶೀರ್ವಾದ ಬೇಡುವ, ಬೈಗುಳಕ್ಕೂ ಸಿದ್ಧನಿರುವ
ತಮ್ಮ

ಲಕೋಟೆ ಅಂಟಿಸುವ ಮುಂಚೆ: ಬರೆದುಬಿಡುತ್ತೇನೆ. ಪಟ್ಟಿಯ ಆ ಒಂದನ್ನು ಓದುವಾಗ ಮೇಡಂಗೆ ನಗು ತಡೆಯಲಾಗಲಿಲ್ಲ. "ಯಾರೋ ಗುಂಡಿ ಅಂಗಡಿಲಿ ಚಿಕ್ಕಪ್ಪನ ತಲೆ ಹುಡುಕಿದಾರೆ, ತರಲೆ ಜನ, ಬಿಡಿ" ಅಂದರು. ಹನ್ನೊಂದು ಸಲ ಹುಡುಕಿದ್ದಾರೆ. ಹನ್ನೊಂದೂ ಮಂಗಳವಾರ, ಮಧ್ಯಾಹ್ನ ಮೂರರ ಸುಮಾರಿಗೆ, ರಜೆಯ ದಿನ ನಾವಿಬ್ಬರೂ ಖಾನೆ ಕೆಳಗಿಳಿಸಿ ಗುಂಡಿ ಆರಿಸುತ್ತ ಕೂರುತ್ತಿದ್ದ ಹೊತ್ತು. ಹನ್ನೊಂದು ಸಲವೂ ಸೈಟು, ಕ್ಷಮಿಸಿ, ಏನೂ ಸಿಗಲಿಲ್ಲ ಎಂದಿದೆ. ಇನ್ನು ಸಿಗುತ್ತದೆ ಅಕ್ಕಾ. ನಿನ್ನೆಯೇ ಹಳೆಯ ಸೈಟಿನಲ್ಲೇ ಆ ಹೆಸರು ಹಾಕಿಸಿದೆ, ಚಿಕ್ಕಮ್ಮ ನೋಡಿದರೆ ಕಂಪನಿಯ ಹೆಸರು ಅನ್ನು. ಫೋಟೋದಲ್ಲಿ ಕೆಂಪು ದಾರವೂ ಇದೆ. ಕತ್ತರಿಸದೆ ಉಳಿದದ್ದು ಅದೊಂದೇ. ಮಿಕ್ಕದ್ದರ ಕೆಳಗೆಲ್ಲ 'ಬುಟ್ಟಿಗೆ ಹಾಕಿ' ಎಂದಿರುವ ಕಡೆ, ಅದರ ಕೆಳಗೆ ಮಾತ್ರ ಬೇರೆ ಸಾಲು ಬರೆಸಿದ್ದೇನೆ: 'ಅಂಚೆಯಲ್ಲಿ ಕಳಿಸುವುದಿಲ್ಲ. ಅಂಗಡಿಗೆ ಬಂದು ಮುಟ್ಟಿ ನೋಡಿ ತೆಗೆದುಕೊಳ್ಳಬೇಕು.' ಬರುವ ಮಂಗಳವಾರ ರಜೆ, ಆದರೂ ಬಾಗಿಲು ತೆಗೆದಿರುತ್ತೇನೆ.