ಮೆಲ್ಲಗೆ ಮೀಟಿದರೆ

ಮಾರ್ಚ್ 3, ಬೆಳಿಗ್ಗೆ
ಗಿಟಾರಿನ ತಂತಿ ಬದಲಿಸಿದೆ. ಮೀಟುವ ಪಿಕ್ ಮತ್ತೆ ಜಾರಿ ಬಿತ್ತು. ಬಲಗೈ ಹೆಬ್ಬೆರಳು ಇನ್ನೂ ಜೋಮು. ಡಾಕ್ಟರು ನಿನ್ನೆ ಹೇಳಿದ್ದು— "ನರ ಸೋತಿದೆ. ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು." ಅಕ್ಕನಿಗೆ ಹೇಳಿಲ್ಲ. ಹದಿನೇಳನೇ ತಾರೀಕಿಗೆ ಅವಳ ಹಾಡಿನ ರೆಕಾರ್ಡಿಂಗ್. ಇಷ್ಟು ವರ್ಷ ಕಂಡವರ ಹಾಡು ಹಾಡಿ ಸಾಕಾಗಿ, ಈಗ ಅವಳೇ ಬರೆದದ್ದು. ಗಿಟಾರ್ ನನ್ನದೇ ಆಗಬೇಕಂತೆ. ಹೇಳಿದರೆ ಮುಂದೂಡುತ್ತಾಳೆ. ಆಮೇಲೆ ಯಾವ ಕಾಲಕ್ಕೋ...

ಮಾರ್ಚ್ 5
ಉಪಾಯ ಸಿಕ್ಕಿತು. ಕಾಲಲ್ಲಿ ಒತ್ತಿ ಗಿಟಾರಿನ ದನಿ ಒರಟು ಮಾಡುವ ಪೆಡಲುಗಳಲ್ಲಿ ಓವರ್‌ಡ್ರೈವ್ ತೆಗೆದು ಡಿಸ್ಟಾರ್ಷನ್ ಇಟ್ಟೆ. ಓವರ್‌ಡ್ರೈವ್ ಚಾಡಿಕೋರ— ಕೈ ಮಾಡಿದ್ದನ್ನೆಲ್ಲ ಹೇಳಿಬಿಡುತ್ತದೆ. ಮೆಲ್ಲಗೆ ಮೀಟಿದರೆ ತಿಳಿಯಾದ ಸ್ವರ, ಜೋರಾಗಿ ಮೀಟಿದರೆ ಗುರುಗುಟ್ಟುತ್ತದೆ. ಡಿಸ್ಟಾರ್ಷನ್‌ಗೆ ಆ ಭೇದವಿಲ್ಲ. ಅದರ ಗೇನ್ ಗುಂಡಿ ಪೂರ್ತಿ ತಿರುಗಿಸಿದರೆ ಹೊಡೆದದ್ದು, ಸವರಿದ್ದು ಎಲ್ಲ ಒಂದೇ ಗರ್ಜನೆ. ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿದೆ.

ಮಾರ್ಚ್ 9, ರಿಹರ್ಸಲ್ ಮುಗಿಸಿ
ಡ್ರಮ್ಮರ್ ಖುಷ್— "ಈಗ ನೋಡು, ಗೋಡೆ ನಡುಗ್ತಿದೆ." ಕೇಬಲ್ ಸುತ್ತುವಾಗ ಅಕ್ಕ ಪಕ್ಕಕ್ಕೆ ಬಂದು, "ಕೊನೇ ಸಾಲಲ್ಲಿ ನಾನು ದನಿ ಇಳಿಸ್ತೀನಲ್ಲ, ನೀನ್ಯಾಕೆ ಇಳೀತಿಲ್ಲ?"
"ಈ ಪೆಡಲ್ ಹಂಗೆ."
"ತಪ್ಪು ಪೆಡಲ್ ಮೇಲೆ ಹಾಕ್ಬೇಡ. ಚಿಕ್ಕೋನಿದ್ದಾಗಿಂದ ನಾನು ಉಸಿರು ತಗೊಂಡ್ರೆ ಸಾಕು, ನಿನಗೆ ಗೊತ್ತಾಗ್ತಿತ್ತು."
ಕೇಬಲನ್ನು ಎಡಗೈಯಲ್ಲೇ ಸುತ್ತಿದೆ. ಅದನ್ನೂ ನೋಡಿದಳು ಅನ್ನಿಸುತ್ತದೆ.

ಮಾರ್ಚ್ 17
ಸ್ಟುಡಿಯೋ. ಎರಡು ಟೇಕ್ ಡಿಸ್ಟಾರ್ಷನ್‌ನಲ್ಲೇ. ಎರಡರಲ್ಲೂ ಅಕ್ಕನ ಕೊನೇ ಸಾಲು ಮುಳುಗಿಹೋಯಿತು. ಹೆಡ್‌ಫೋನಿನಲ್ಲಿ ಕೇಳಿ ನಾಚಿಕೆಯಾಯಿತು. ನನ್ನ ಕೈ ಮುಚ್ಚಲು ಹೋಗಿ ಅವಳ ದನಿಯನ್ನೇ ಮುಚ್ಚಿದ್ದೆ.
ಹೇಳಿಬಿಟ್ಟೆ— ಕೈ, ಡಾಕ್ಟರು, ಎಲ್ಲ. ಡ್ರಮ್ಮರ್ ಕಡ್ಡಿ ಕೆಳಗಿಟ್ಟ. ಅಕ್ಕ ನನ್ನ ಬ್ಯಾಗಿನಿಂದ ಓವರ್‌ಡ್ರೈವ್ ತೆಗೆದು ನನ್ನ ಕಾಲ ಬಳಿ ಇಟ್ಟಳು. "ಎಷ್ಟು ಬರುತ್ತೋ ಅಷ್ಟು ನುಡ್ಸು."
ನುಡಿಸಿದೆ. ಕೊನೇ ಸಾಲಿಗೆ ಅವಳ ಜೊತೆಗೇ ಇಳಿದೆ. ಕಡೆಯ ಸ್ವರಕ್ಕೆ ಪಿಕ್ ತಂತಿಗೆ ಬರೀ ತಾಗಿತು, ಅಷ್ಟೆ. ರೆಕಾರ್ಡಿಂಗಿನವರು, "ಅದೊಂದು ಸರಿ ಮಾಡೋಣ್ವಾ?"
"ಬೇಡ," ಅಂದಳು ಅಕ್ಕ. "ಅದು ಅವನ ಕೈ. ಇರಲಿ."
ಅಳು ಬಂತು. ತಡೆಯಲಿಲ್ಲ.

ಏಪ್ರಿಲ್ 20, ಸಂಜೆ
ಬರೆಯುವ ಅಕ್ಷರವೂ ಕೋಳಿ ಕೆದರಿದ ಹಾಗಿದೆ. ಪಿಕ್ ಹಿಡಿಯಲು ಆಗುವುದೇ ಇಲ್ಲ. ಪೆಡಲ್ ಮೇಲೆ ಧೂಳು.
ಅಕ್ಕ ಬಂದಳು. ಧೂಳು ಒರೆಸಿ, ಆಂಪ್ ಸ್ಪೀಕರ್ ಹಾಕಿ, ಗಿಟಾರನ್ನು ಇಬ್ಬರ ಮಧ್ಯೆ ಇಟ್ಟಳು. "ಎಡಗೈ ಚೆನ್ನಾಗಿದೆಯಲ್ಲ? ನೀನು ತಂತಿ ಒತ್ತು, ನಾನು ಮೀಟ್ತೀನಿ." ಮೊದಲ ಸಲ ತಂತಿ ಕಿತ್ತುಬರುವ ಹಾಗೆ ಮೀಟಿದಳು. ಪೆಡಲ್ ಗುರ್ ಅಂದಿತು. "ಮೆಲ್ಲಗೆ ಅಕ್ಕ," ಅಂದೆ. ನಕ್ಕಳು. ನೀರು ಕುಡಿಯಲು ಹೋಗಿದ್ದಾಳೆ, ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಂದಳು. ಕೂತಳು. ಪಿಕ್ ಎತ್ತಿಕೊಂಡಳು. ಉಸಿರು ತಗೊಳ್ತಿದ್ದಾಳೆ, ಪೆನ್ನು ಇಡಬೇಕು—